ಜಪಾನಿಗೆ ಹೊರಟ ಕೋಟು

ದೆನ್ಸಿಯೊನ ಬಳಿ ಆ ದಿನ ಮೊಬೈಲ್ ಇರಲಿಲ್ಲ.

ಹಿಂದಿನ ಭಾನುವಾರ ಚರ್ಚಿನ ಬಾಗಿಲಲ್ಲಿ ಪವಿತ್ರ ಜಲದ ಬೋಗುಣಿಗೆ ಬೆರಳದ್ದಲು ಬಗ್ಗಿದಾಗ ಅದು ಅಂಗಿಯ ಜೇಬಿನಿಂದ ಜಾರಿ ಬೋಗುಣಿಗೇ ಬಿದ್ದಿತ್ತು. ಇಡೀ ಊರಿನ ಪಾಪ ತೊಳೆದ ನೀರು, ಫೋನು ತಡೆಯಲಿಲ್ಲ. ಮನೆಗೆ ತಂದು ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ಮೂರನೆಯ ದಿನ ಎದ್ದುಬರುತ್ತದೆಂದು ಕಾದ. ಏಳಲಿಲ್ಲ. ಅಂಥದ್ದು ಲೋಕದಲ್ಲಿ ಒಮ್ಮೆ ಮಾತ್ರ ಆಗುವುದು ಎಂದು ರಿಪೇರಿಯವನು ಕೈಚೆಲ್ಲಿದ.

ದೆನ್ಸಿಯೊ ನಮ್ಮ ಸಾಂತಾ ಕ್ವಿತೇರಿಯಾ ಪ್ರೌಢಶಾಲೆಯಲ್ಲಿ ಮೌಲ್ಯಶಿಕ್ಷಣದ ಮೇಷ್ಟ್ರು. ಕ್ವಿತೇರಿಯಾ ಹುಚ್ಚುನಾಯಿ ಕಡಿತದಿಂದ ಕಾಯುವ ಸಂತಳು. ಹದಿಹರೆಯದ ಮಕ್ಕಳೇ ತುಂಬಿರುವ ಶಾಲೆಗೆ ಇದಕ್ಕಿಂತ ತಕ್ಕ ಹೆಸರು ಸಿಗುವುದಿಲ್ಲ. ಅಲ್ಲಿ ಅವನು ಹನ್ನೊಂದು ವರ್ಷದಿಂದ ಪ್ರಾಮಾಣಿಕತೆ, ತಾಳ್ಮೆ, ತ್ಯಾಗ ಎಂದು ಬೋರ್ಡಿನ ಮೇಲೆ ಬರೆದು ಒರೆಸುತ್ತಿದ್ದ. ಅಷ್ಟು ವರ್ಷದಲ್ಲಿ ಅವನು ಕಂಡ ಅತಿ ದೂರದ ಊರೆಂದರೆ ದೋಣಿ ದಾಟಿದರೆ ಸಿಗುವ ಪಟ್ಟಣ, ಇಲೊಯ್ಲೊ. ಅದೂ ಹಲ್ಲು ಕೀಳಿಸಲು.

ಈಗ ಜಪಾನಿಗೆ ಹೋಗುವ ಅವಕಾಶ ಬಂದಿತ್ತು. ನಾಗಾಸಾಕಿಯ ಒಂದು ಕಾನ್ವೆಂಟ್ ಶಾಲೆಯವರು ಆರು ಮಕ್ಕಳನ್ನೂ ಜೊತೆಗೊಬ್ಬ ಮೇಷ್ಟ್ರನ್ನೂ ಚಳಿಗಾಲಕ್ಕೆ ಕರೆಸಿಕೊಳ್ಳುವುದೆಂದು ತೀರ್ಮಾನಿಸಿ, ಸಿಸ್ಟರ್ ಮಿತ್ಸುಯೆ ಎಂಬ ಪುಟ್ಟ ಸನ್ಯಾಸಿನಿಯನ್ನು ನಮ್ಮಲ್ಲಿಗೆ ಕಳಿಸಿದ್ದರು. ಮಕ್ಕಳ ಆಯ್ಕೆ ಮುಗಿದಿತ್ತು. ಮೇಷ್ಟ್ರ ಜಾಗಕ್ಕೆ ಇಬ್ಬರು ಉಳಿದಿದ್ದರು: ದೆನ್ಸಿಯೊ, ಮತ್ತು ನಿದ್ದೆಯಲ್ಲೂ ಕೊರಳಿನ ಸೀಟಿ ತೆಗೆಯದ ವ್ಯಾಯಾಮದ ಮೇಷ್ಟ್ರು ವೆಂಡೆಲ್.

"ನಾಳೆ ಮೂರು ಗಂಟೆ ದೋಣಿಗೆ ಸಿಸ್ಟರ್ ಮಿತ್ಸುಯೆ ಹೊರಡ್ತಾರೆ. ಅಷ್ಟರೊಳಗೆ ಯಾರು ಅಂತ ಹೇಳಿಬಿಡ್ತೀನಿ," ಎಂದಿದ್ದರು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಕೊನ್ಸುವೆಲೊ. "ನನ್ನ ಕೈಗೆ ಸಿಗೋ ಹಾಗಿರಿ, ಸರ್ ದೆನ್ಸಿಯೊ. ಫೋನ್ ಬೇರೆ ಇಲ್ಲ ನಿಮ್ಮ ಹತ್ರ. ಹೋದ ವರ್ಷ ಮೇಳದ ದಿನ ಲ್ಯಾಬಿನ ಮೇಜಿನ ಕೆಳಗೆ ಗೊರಕೆ ಹೊಡೀತಾ ಇದ್ರಿ. ಹುಡುಕಿ ಹುಡುಕಿ ಸಾಕಾಯ್ತು."

"ಸಿಗ್ತೀನಿ ಸಿಸ್ಟರ್. ನೋಡಿ, ಕೋಟೂ ತಗೊಂಡಾಯ್ತು."

ಕೋಟನ್ನು ಸಂತೆಯ ಹಳೇ ಬಟ್ಟೆ ರಾಶಿಯಲ್ಲಿ ಹೆಕ್ಕಿದ್ದ. ಕಂದು ಬಣ್ಣ, ಮೊಣಕಾಲ ಕೆಳಗಿನವರೆಗೆ ಉದ್ದ, ಕತ್ತಿನ ಸುತ್ತ ಯಾವುದೋ ಪ್ರಾಣಿಯ ತುಪ್ಪಳ. ನಮ್ಮೂರಿನ ಸೆಕೆಯಲ್ಲಿ ಅದನ್ನು ನೋಡಿದವರಿಗೇ ಬೆವರು ಕಿತ್ತುಕೊಳ್ಳುತ್ತಿತ್ತು.

ಮರುದಿನ ಶಾಲೆಯ ಸ್ಥಾಪನಾ ದಿನದ ಮೇಳ. ಮೈದಾನದ ತುಂಬ ಮಕ್ಕಳೇ ನಡೆಸುವ ಅಂಗಡಿಗಳು. ಅದರಲ್ಲಿ ಹೆಚ್ಚು ಗಿರಾಕಿಗಳಿದ್ದದ್ದು ಎರಡಕ್ಕೆ. ಒಂದು, ಯಾರನ್ನು ಯಾರ ಜೊತೆ ಬೇಕಾದರೂ ಹಿಡಿದು ತಂದು ಸುಳ್ಳು ಮದುವೆ ಮಾಡಿಸುವ ಮಂಟಪ. ಇನ್ನೊಂದು ಜೈಲು. ಕೂಪನ್ ಕೊಂಡು ಯಾರ ಹೆಸರು ಬರೆದುಕೊಟ್ಟರೂ ಸರಿ, ಮಕ್ಕಳು ಆ ಆಸಾಮಿಯನ್ನು ಎಳೆದು ತಂದು ಬಿದಿರಿನ ಕಂಬಿಗಳ ಹಿಂದೆ ಒಂದು ಗಂಟೆ ಕೂರಿಸುತ್ತಾರೆ. ಬಂದ ಹಣ ಚಾಪೆಲಿನ ಸೋರುವ ಮಾಡಿಗೆ. ಮಾಮೂಲಿ ಕೂಪನ್ ಆದರೆ ದಂಡ ಕಟ್ಟಿ ಹೊರಬರಬಹುದು. ಕೆಂಪು ಕೂಪನ್ ಆದರೆ ದಂಡಕ್ಕೂ ಬಗ್ಗುವುದಿಲ್ಲ. ಬೇರೊಬ್ಬರು ತಾವಾಗಿ ಒಳಗೆ ಬಂದು ಕೂತರೆ ಮಾತ್ರ ಬಿಡುಗಡೆ. ಈ ಕೆಂಪು ಕೂಪನ್ ದೆನ್ಸಿಯೊನದೇ ಉಪಾಯ. ಪಾದ್ರಿಗಳ ಪ್ರವಚನದ ನಡುವೆ ಹೊಳೆದದ್ದು. ಜೈಲು ನಡೆಸುತ್ತಿದ್ದದ್ದೂ ಅವನದೇ ಹತ್ತನೇ ತರಗತಿ.

ಎರಡು ಗಂಟೆಗೆ ಅವನು ತೋಳಿನ ಮೇಲೆ ಕೋಟು ಹಾಕಿಕೊಂಡು ಸಿಸ್ಟರ್ ಕೊನ್ಸುವೆಲೊ ಅವರ ಆಫೀಸಿನತ್ತ ಹೊರಟಿದ್ದ. ಹಿಂದಿನಿಂದ ಯಾರೋ ಕೈಗೆ ರಟ್ಟಿನ ಬೇಡಿ ಹಾಕಿದರು.

"ನಡೀರಿ ಸರ್," ಎಂದಳು ಚೆರಿ ಮೇ. ತರಗತಿಯ ನಾಯಕಿ, ಈಗ ಜೈಲರು. ಮೀಸೆ ಬರೆದುಕೊಂಡಿದ್ದಳು.

"ಏಯ್, ನಾನು ಕಣಮ್ಮ. ನಿಮ್ಮ ಕ್ಲಾಸ್ ಟೀಚರ್."

"ಕೆಂಪು ಕೂಪನ್, ಸರ್."

"ಯಾರು ಹಾಕಿಸಿದ್ದು? ವೆಂಡೆಲ್ ಅಲ್ವಾ?"

"ಹೇಳೋ ಹಾಗಿಲ್ಲ. ಪಾಪನಿವೇದನೆ ಇದ್ದ ಹಾಗೆ, ಕತ್ತು ಕೊಯ್ದರೂ ಬಾಯಿ ಬಿಡಬಾರದು ಅಂತ ನೀವೇ ಹೇಳಿಕೊಟ್ಟಿದ್ದು."

ಜೈಲಿನೊಳಗೆ ಕೂತು ಅವನು ಲೆಕ್ಕ ಹಾಕಿದ. ಒಂದು ಗಂಟೆಯೆಂದರೆ ಮೂರು ಗಂಟೆ. ಮೂರಕ್ಕೆ ದೋಣಿ. ವೆಂಡೆಲನ ತಲೆಯಲ್ಲಿ ಗಾಳಿ ಬಿಟ್ಟು ಬೇರೇನಿಲ್ಲ ಎಂದುಕೊಂಡಿದ್ದು ತಪ್ಪು.

ಅವನು ಕಂಬಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ. "ಚೆರಿ ಮೇ, ನಿನಗೆ ಈ ಸಲ ಪರೀಕ್ಷೆ ಕಷ್ಟ ಆಯ್ತು ಅನ್ಸುತ್ತೆ."

"ಇಲ್ಲ ಸರ್."

"ನನಗೆ ಹಾಗನ್ಸುತ್ತೆ. ಒಂದೈದು ಮಾರ್ಕ್ಸ್ ಅತ್ತಿತ್ತ ಆದರೆ ದೇವರೇನೂ ಬೇಜಾರು ಮಾಡ್ಕೊಳಲ್ಲ."

ಅವಳು ಹಿಂದಕ್ಕೆ ತಿರುಗಿ ಕೂಗಿದಳು. "ಸರ್ ಲಂಚ ಕೊಡ್ತಾ ಇದಾರೆ ಕಣ್ರೋ. ನಾಲ್ಕನೇ ಪಾಠದಲ್ಲಿ ಇದೆಯಲ್ಲ, ಅದೇ ಥರ."

ನಾಲ್ಕನೇ ಪಾಠವನ್ನು ಅವನು ತುಂಬ ಚೆನ್ನಾಗಿ ಮಾಡಿದ್ದ. ಅದಕ್ಕಾಗಿ ತನ್ನನ್ನೇ ಶಪಿಸಿಕೊಂಡ.

ಆಮೇಲೆ ಹಿಂಭಾಗದ ಬಿದಿರಿನ ಕೆಳಗಿನ ಸಂದಿಯಲ್ಲಿ ನುಸುಳಲು ನೋಡಿದ. ತಲೆ ಹೋಯಿತು, ಹೆಗಲು ಹೋಯಿತು, ಹೊಟ್ಟೆ ಬರಲೊಲ್ಲೆ ಎಂದಿತು. ಅಂಗಿ ಹರಿದು ಮೂರು ಗುಂಡಿ ಕಿತ್ತುಹೋದವು. ಬಿಲದ ಬಾಯಲ್ಲಿ ಸಿಕ್ಕ ಹೆಗ್ಗಣದಂತೆ ಒದ್ದಾಡುತ್ತಿದ್ದಾಗ ಎದುರಿಗೆ ಎರಡು ದಪ್ಪ ಪಾದಗಳು ಬಂದು ನಿಂತವು. ಕ್ಯಾಂಟೀನಿನ ಅಡುಗೆಯವಳು, ಅರವತ್ತು ದಾಟಿದ, ಊರೆಲ್ಲ ಮನಾಂಗ್ ಅಂದರೆ ಅಕ್ಕ ಎಂದು ಕರೆಯುವ ಮನಾಂಗ್ ಬೇಬಿ, ತಲೆಯ ಮೇಲೆ ಅಕ್ಕಿ ಕಡುಬಿನ ಬುಟ್ಟಿ ಹೊತ್ತಿದ್ದಳು.

"ಏನ್ ಕಳೀತು ಸರ್, ನೆಲದಲ್ಲಿ ಹುಡುಕ್ತಾ ಇದೀರಲ್ಲ?"

ದೆನ್ಸಿಯೊನಿಗೆ ಹೊಳೆಯಿತು. ಮದುವೆ ಮಂಟಪದವರು ಕರೆದರೆ ಕೈದಿಯನ್ನು ಶಾಸ್ತ್ರ ಮುಗಿಯುವವರೆಗೆ ಹೊರಗೆ ಬಿಡಬೇಕು. ಮಂಟಪದಿಂದ ಆಫೀಸು ಒಂದೇ ಓಟ.

"ಮನಾಂಗ್, ನನ್ನ ಮದುವೆ ಆಗು."

ಮನಾಂಗ್ ಬೇಬಿ ಬುಟ್ಟಿ ಇಳಿಸಿದಳು. "ಮೂವತ್ತು ವರ್ಷದಿಂದ ಯಾರೂ ಕೇಳಿರಲಿಲ್ಲ. ಕೇಳಿದವನೂ ಹೊಟ್ಟೆ ಮೇಲೆ ಮಲಗಿ ಕೇಳ್ತಾನೆ. ಏನ್ ಹಣೆಬರಹ ನಂದು."

"ಮನಾಂಗ್, ಬೇಗ."

"ಇರಿ, ತಲೆ ಬಾಚ್ಕೊಂಡು ಬರ್ತೀನಿ."

ತಲೆ ಬಾಚಲು ಅವಳು ತೆಗೆದುಕೊಂಡ ಹೊತ್ತಿನಲ್ಲಿ ಬೇರೆಯವರು ಹೆತ್ತು ಹೆಸರಿಟ್ಟು ಬಂದಿರುತ್ತಿದ್ದರು. ಮಂಟಪದಲ್ಲಿ ಕಿಟಕಿಯ ಪರದೆ ಹೊದ್ದ ಒಂಬತ್ತನೇ ತರಗತಿಯ ಪಾದ್ರಿಯೊಬ್ಬ ಸಿದ್ಧನಾಗಿದ್ದ. ಊರಿನ ನಿಜವಾದ ಪಾದ್ರಿಗಳಿಗಿಂತ ಉದ್ದದ ಪ್ರವಚನ ಕೊಟ್ಟ. ಸೋಡಾ ಡಬ್ಬಿಯ ಕಿವಿ ಉಂಗುರವಾಯಿತು. "ಒಪ್ಪಿಗೆಯೇ?" ಎಂದದ್ದೇ ತಡ, "ಒಪ್ಪಿಗೆ ಒಪ್ಪಿಗೆ" ಎಂದು ದೆನ್ಸಿಯೊ ಓಟ ಕಿತ್ತ.

ನಮ್ಮ ಕಡೆಯ ಪದ್ಧತಿಯಂತೆ ಇಬ್ಬರ ಹೆಗಲ ಮೇಲೂ ಮದುವೆಯ ಹಗ್ಗ ಹಾಕಿ ಗಂಟು ಬಿಗಿದದ್ದನ್ನು ಅವನು ಮರೆತಿದ್ದ. ಹಗ್ಗದ ಆ ತುದಿಯಲ್ಲಿ ಮನಾಂಗ್ ಬೇಬಿ ಲಂಗರಿನ ಹಾಗೆ ನಿಂತಿದ್ದಳು. ಅವನು ಎರಡು ಮಾರು ಹೋಗಿ, ಮೂರು ಮಾರು ಹಿಂದಕ್ಕೆ ಬಂದು ಬಿದ್ದ. ಒಂದು ಚಪ್ಪಲಿ ಮಾತ್ರ ಸ್ವತಂತ್ರವಾಗಿ ಹಾರಿ, ಸಾರು ಕುದಿಯುತ್ತಿದ್ದ ಹಂಡೆಗೆ ಬಿತ್ತು.

"ಏನ್ರೀ, ಮದುವೆಯಾದ ದಿನವೇ ಓಡೋದಾ?" ಎಂದಳು ಮನಾಂಗ್ ಬೇಬಿ, ಸೆರಗಿಲ್ಲದಿದ್ದರೂ ನಾಚಿಕೊಂಡು.

ಮತ್ತೆ ಜೈಲು. ಚೆರಿ ಮೇ ಮದುವೆ ಸರ್ಟಿಫಿಕೇಟನ್ನು ಕಂಬಿಗೆ ಸಿಕ್ಕಿಸಿದಳು. ಆಗಲೇ ಎರಡೂವರೆ ದಾಟಿತ್ತು. ಅಷ್ಟರಲ್ಲಿ ಸೀಟಿಯ ಸದ್ದು. ವೆಂಡೆಲ್ ಸುಟ್ಟ ಮೆಕ್ಕೆಜೋಳ ಕಡಿಯುತ್ತ ಬಂದು ಕಂಬಿಗೆ ಒರಗಿದ.

"ಮದುವೆ ಆಯ್ತಂತೆ. ಒಂದು ಮಾತು ಹೇಳಲಿಲ್ಲವಲ್ಲಯ್ಯ."

ಅವನ ಕತ್ತು ಹಿಸುಕುವ ಆಸೆಯನ್ನು ನುಂಗಿಕೊಂಡು ದೆನ್ಸಿಯೊ ಒಂದು ನಗೆ ನಕ್ಕ. "ಮೆಲ್ಲಗೆ ಮಾತಾಡು ಮಾರಾಯ. ಜಾಗ ಹೋಗುತ್ತೆ."

"ಯಾವ ಜಾಗ?"

"ಸಿಸ್ಟರ್ ಮಿತ್ಸುಯೆ ಈಗ ಇಲ್ಲಿಗೆ ಬರ್ತಾರೆ. ಜೈಲಲ್ಲಿ ಕೂತಿರೋ ಮೇಷ್ಟ್ರ ಫೋಟೋ ತೆಗೀತಾರೆ. ಜಪಾನಿನ ಪತ್ರಿಕೇಲಿ ಬರುತ್ತಂತೆ. ಅದಕ್ಕೇ ನಾನು ಕೂತಿರೋದು. ಇಲ್ದಿದ್ರೆ ನನ್ನ ಕ್ಲಾಸಿನ ಮಕ್ಕಳು ನನ್ನೇ ಒಳಗೆ ಹಾಕ್ತಾರಾ?"

ವೆಂಡೆಲ್ ಜೋಳ ಕಡಿಯುವುದನ್ನು ನಿಲ್ಲಿಸಿದ. ಕೆಮೆರಾ ಎಂದರೆ ಅವನು ಶವಯಾತ್ರೆಯಲ್ಲೂ ತೋಳು ಉಬ್ಬಿಸುವ ಪೈಕಿ. "ನಿನ್ನ ಮುಖಕ್ಕೆ ಫೋಟೋ ಬೇರೆ. ಏಳು, ನಾನು ಕೂರ್ತೀನಿ."

"ಬೇಡಪ್ಪ, ಕಷ್ಟಪಟ್ಟು ಸಂಪಾದಿಸಿದ ಜಾಗ."

"ಏಳಯ್ಯ. ಮೆಕ್ಕೆಜೋಳ ತಿನ್ನು. ಆ ಕೋಟೂ ಕೊಡು, ಜಪಾನಿನವರಿಗೆ ಲಕ್ಷಣವಾಗಿ ಕಾಣ್ಲಿ."

ದೆನ್ಸಿಯೊ ಒಂದು ಕ್ಷಣ ಹಿಂದೆಮುಂದೆ ನೋಡಿದ. ಕೋಟು ಆಮೇಲೂ ವಾಪಸ್ ಪಡೆಯಬಹುದು, ಜಪಾನನ್ನು ಪಡೆಯಲಾಗುವುದಿಲ್ಲ. ಕೊಟ್ಟ. ತಾನೇ ಗುಂಡಿ ಹಾಕಿ, ತುಪ್ಪಳದ ಕಾಲರು ಎತ್ತಿ ನಿಲ್ಲಿಸಿದ. ಚೆರಿ ಮೇ ನಿಯಮದಂತೆ ಕೇಳಿದಳು: "ಸರ್ ವೆಂಡೆಲ್, ನೀವಾಗೇ ಒಳಗೆ ಹೋಗ್ತಾ ಇದೀರಾ?"

"ಖುಷಿಯಿಂದ," ಎಂದ ವೆಂಡೆಲ್.

ದೆನ್ಸಿಯೊ ಒಂಟಿ ಚಪ್ಪಲಿಯಲ್ಲಿ ಮೈದಾನ ದಾಟಿದ, ಮೆಟ್ಟಿಲು ಹಾರಿದ, ಆಫೀಸಿನ ಬಾಗಿಲು ತಳ್ಳಿದ. ಯಾರೂ ಇರಲಿಲ್ಲ. ಗೋಡೆಯ ಮೇಲೆ ಪೋಪರು ಮಾತ್ರ ನಗುತ್ತಿದ್ದರು. ಕುರ್ಚಿಯಲ್ಲಿ ಕೂತು ಉಸಿರು ಸರಿಮಾಡಿಕೊಂಡ. ಹರಿದ ಅಂಗಿಯನ್ನು ಪ್ಯಾಂಟಿನೊಳಗೆ ತುರುಕಿದ. ಬರಿಗಾಲನ್ನು ಚಪ್ಪಲಿಯ ಕಾಲಿನ ಹಿಂದೆ ಅಡಗಿಸಿದ. ಹಿಮದ ಮೇಲೆ ನಿಂತಾಗ ಹೇಗೆ ನಗಬೇಕೆಂದು ಅಭ್ಯಾಸ ಮಾಡಿದ. ಹೊರಗೆ ದೋಣಿ ಒಮ್ಮೆ ಕೂಗಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಕೂಗಿತು.

ಸಿಸ್ಟರ್ ಕೊನ್ಸುವೆಲೊ ಬೆವರೊರೆಸಿಕೊಳ್ಳುತ್ತ ಒಳಗೆ ಬಂದು, ಅವನನ್ನು ನೋಡಿ ಬಾಗಿಲಲ್ಲೇ ನಿಂತರು.

"ನೀವು ಇಲ್ಲೇನ್ ಮಾಡ್ತಾ ಇದೀರಿ?"

"ನಿಮ್ಮನ್ನ ನೋಡೋಕೆ, ಸಿಸ್ಟರ್. ವೆಂಡೆಲ್ ನನ್ನ ಜೈಲಿಗೆ ಹಾಕಿಸಿದ್ದ. ಆದರೂ ಬಂದೆ."

"ವೆಂಡೆಲ್ ಯಾಕೆ ಹಾಕಿಸ್ತಾನೆ? ಕೆಂಪು ಕೂಪನ್ ಕೊಂಡಿದ್ದು ನಾನು."

ದೆನ್ಸಿಯೊ ಕುರ್ಚಿಯಿಂದ ಎದ್ದ. ಅಡಗಿಸಿದ್ದ ಬರಿಗಾಲು ಹೊರಗೆ ಬಂತು.

"ನೀವೇ ಹೋಗೋದು ಅಂತ ಬೆಳಿಗ್ಗೆನೇ ಗಟ್ಟಿ ಮಾಡಿದ್ದೆ. ಫೋನ್ ಇಲ್ಲ, ಮೇಜಿನ ಕೆಳಗೆ ಮಲಗೋ ಮನುಷ್ಯ. ಎಲ್ಲಿ ಅಂತ ಹುಡುಕ್ಲಿ? ಒಂದು ಕಡೆ ಕೂತಿರ್ಲಿ ಅಂತ ಹಾಕಿಸ್ದೆ. ಸಿಸ್ಟರ್ ಮಿತ್ಸುಯೆ ನಿಮ್ಮ ಮುಖ ನೋಡಿಲ್ಲವಲ್ಲ, ದೋಣಿಗೆ ಹೋಗೋ ದಾರೀಲಿ ಅವರಿಗೆ ಹೇಳ್ದೆ, ನಮ್ಮ ಮೇಷ್ಟ್ರು ಜೈಲಲ್ಲಿದಾರೆ, ಕೈಯಲ್ಲಿ ಕಂದು ಕೋಟಿರುತ್ತೆ ಅಂತ. ನನ್ನ ಮೊಣಕಾಲು ಗೊತ್ತಲ್ಲ, ನಾನು ಹಿಂದೆ ಉಳಿದೆ. ಅವರು ಮುಂದೆ ಓಡಿದ್ರು."

"ಸಿಸ್ಟರ್..."

"ನಾನು ಹೋಗೋ ಹೊತ್ತಿಗೆ ಅವರು ವೆಂಡೆಲ್‌ಗೆ ನಾಲ್ಕು ಸಲ ಬಗ್ಗಿ ನಮಸ್ಕಾರ ಮಾಡಿ, ಫೋಟೋ ತೆಗೆದು, ಅವರ ಶಾಲೆಯ ಬ್ಯಾಡ್ಜೂ ಚುಚ್ಚಿಬಿಟ್ಟಿದ್ರು. ಈ ಬಿಸಿಲಲ್ಲೂ ಕೋಟು ಹಾಕ್ಕೊಂಡು ಕೂತಿದಾರಲ್ಲ, ಎಂಥಾ ಉತ್ಸಾಹ ಅಂತ ಕಣ್ಣಲ್ಲಿ ನೀರು ಅವರಿಗೆ. ದೋಣಿ ಬೇರೆ ಕೂಗ್ತಾ ಇದೆ. ಇವನಲ್ಲ, ಬೇರೆಯವನು ಅಂತ ಯಾವ ಬಾಯಲ್ಲಿ ಹೇಳ್ಲಿ? ಬೇರೆಯವನು ಎಲ್ಲಿ ಅಂದ್ರೆ ಏನನ್ಲಿ? ಜೈಲು ಮುರಿದು ಓಡಿಹೋದ ಅನ್ಲಾ?"

ಪೋಪರು ನಗುತ್ತಲೇ ಇದ್ದರು.

"ಆ ಕೋಟು ನಂದು, ಸಿಸ್ಟರ್," ಎಂದ ದೆನ್ಸಿಯೊ ಕೊನೆಗೆ.

"ಗೊತ್ತು. ಅವನ ಹತ್ರಾನೇ ಇರ್ಲಿ ಬಿಡಿ. ಇಲ್ಲಿ ನಿಮಗೇನು ಉಪಯೋಗ? ತ್ಯಾಗದ ಪಾಠ ಮಾಡೋರು ನೀವು." ಸಿಸ್ಟರ್ ಬಾಗಿಲಿನತ್ತ ಕೈ ತೋರಿಸಿದರು. "ಹೊರಗೆ ಮನಾಂಗ್ ಬೇಬಿ ಕಾಯ್ತಾ ಇದಾಳೆ. ಚಪ್ಪಲಿ ಬಿದ್ದು ಸಾರು ಕೆಟ್ಟಿದೆಯಂತೆ. ಗಂಡ ಬಂದು ಹಂಡೆ ತೊಳೀಬೇಕಂತೆ."

ಅವನು ಹಂಡೆ ತೊಳೆದ. ಆ ವಾರ ಹೋದದ್ದು ಇಷ್ಟು: ಒಂದು ಮೊಬೈಲ್, ಅಂಗಿಯ ಮೂರು ಗುಂಡಿ, ಬಲಗಾಲಿನ ಒಂದು ಚಪ್ಪಲಿ, ಒಂದು ಕೋಟು, ಒಂದು ಜಪಾನು.