ಉಸಿರಿಲ್ಲದ ಪೆಟ್ಟಿಗೆ

ಬೇರೆಯವರ ಕೀಬೋರ್ಡು ಬಾರಿಸಿದ್ದನ್ನಷ್ಟೇ ನುಡಿಯುತ್ತದೆ. ನನ್ನದು ಯಾರೂ ಕೇಳದಿದ್ದದ್ದನ್ನೂ ಹೇಳಿ, ನಾಲ್ಕು ಮಂದಿಯ ನಡುವೆ ನನ್ನನ್ನು ಫಜೀತಿಗೆ ಹಾಕುತ್ತಲೇ ಇರುತ್ತದೆ. ತಪ್ಪು ಅದರದ್ದಲ್ಲ. ಬಸವಕಲ್ಯಾಣದಲ್ಲಿ ಮದುವೆ, ಮೆರವಣಿಗೆಗಳಿಗೆ ಬಾರಿಸುವವನು ನಾನು. ಕಂಪನಿಯವರು ತುಂಬಿ ಕಳಿಸಿದ ಪಿಯಾನೊ, ಪಿಟೀಲು ನನಗೆ ಸಾಲುವುದಿಲ್ಲ. ನಮ್ಮ ಕಡೆಯ ಸದ್ದುಗಳನ್ನು ಮೈಕಿನಲ್ಲಿ ಹಿಡಿದು ಕೀಗಳ ಮೇಲೆ ಕೂರಿಸುತ್ತೇನೆ. ಇದಕ್ಕೆ ಸ್ಯಾಂಪಲ್ ತುಂಬುವುದು ಎನ್ನುತ್ತಾರೆ. ಹಿಡಿದ ಸದ್ದು ಒಂದೇ ಆದರೂ ಬಲಗಡೆಯ ಕೀ ಒತ್ತಿದರೆ ಸಣ್ಣಗೆ ಬರುತ್ತದೆ, ಎಡಗಡೆ ಒತ್ತಿದರೆ ದಪ್ಪಗೆ.

ಇಷ್ಟೆಲ್ಲ ಮಾಡಿದರೂ ನಮ್ಮ ಓಣಿಯ ಭಜನಾ ಮಂಡಳಿಯ ಜಮಖಾನದ ಮೇಲೆ ನನಗೆ ಜಾಗವಿರಲಿಲ್ಲ. ನಮ್ಮಪ್ಪ ಅಲ್ಲಿ ಕೂತು ತಾಳ ಹಾಕಿದವನು. ಅಲ್ಲಿ ಒಮ್ಮೆ ಕೂರಬೇಕೆಂಬ ಆಸೆ ನನಗೆ ಚಿಕ್ಕಂದಿನಿಂದ ಇತ್ತು. ಆದರೆ ಮಂಡಳಿಯ ಯಜಮಾನ, ಓಣಿಗೆಲ್ಲ ಅಜ್ಜನಾದ ಕಿರಾಣಿ ಅಂಗಡಿಯ ಮುತ್ಯಾ, ತನ್ನ ಹಾರ್ಮೋನಿಯಂ ಬಿಟ್ಟು ಬೇರೆ ಯಾವುದನ್ನೂ ವಾದ್ಯವೆಂದು ಒಪ್ಪುವವನಲ್ಲ.

"ಹಾರ್ಮೋನಿಯಂ ಉಸಿರು ತಗೋತದ, ಉಸಿರು ಬಿಡ್ತದ. ನಿನ್ನ ಪೆಟ್ಟಿಗ್ಯಾಗ ಉಸಿರೇ ಇಲ್ಲ ತಮ್ಮಾ. ಉಸಿರಿಲ್ಲದ್ದು ನಮ್ಮ ಜಮಖಾನಿ ಮ್ಯಾಲ ಕುಂಡ್ರಂಗಿಲ್ಲ" ಎಂದು ಒಂದೇ ಮಾತಿನಲ್ಲಿ ಬಾಗಿಲು ಹಾಕಿಬಿಟ್ಟಿದ್ದ.

ಹಾಲಿನ ಪ್ರಶ್ನೆ

ಒಂದು ಮಧ್ಯಾಹ್ನ ಅಪ್ಪನ ತಾಳವನ್ನೇ ಮನೆಯಲ್ಲಿ ರೆಕಾರ್ಡ್ ಮಾಡಿದೆ. ಫ್ಯಾನು ಬಂದ್ ಮಾಡಿ, ಕಿಟಕಿಗೆ ಕೌದಿ ಕಟ್ಟಿ, ಬೆವರು ಸುರಿಸುತ್ತ ಒಮ್ಮೆ 'ಝಣ್' ಅನ್ನಿಸಿದೆ. ಅದರ ಗುಂಗು ಇನ್ನೂ ಆರಿರಲಿಲ್ಲ, ಅಡುಗೆಮನೆಯಿಂದ ಹೆಂಡತಿ "ಹಾಲು ತಂದ್ರೇನು?" ಅಂದಳು. ಅದೂ ತಾಳದ ಬಾಲಕ್ಕೆ ಅಂಟಿಕೊಂಡು ಒಳಗೆ ಹೋಯಿತು. ಬೆರಳು ಬೇಗ ಎತ್ತಿದರೆ ಬರೀ ತಾಳ ಕೇಳುತ್ತದೆ, ಯಾರಿಗೆ ಗೊತ್ತಾಗುತ್ತದೆ ಎಂದು ಹಾಗೇ ಬಿಟ್ಟೆ.

ಮುಡಬಿಯ ಒಂದು ಮದುವೆಯಲ್ಲಿ ಅಕ್ಷತೆ ಹಾಕುವ ಹೊತ್ತು. ನಾನೂ ಒಂದು ಕೈಯಲ್ಲಿ ಅಕ್ಕಿಕಾಳು ತೂರುತ್ತ, ಇನ್ನೊಂದು ಕೈಯನ್ನು ಕೀ ಮೇಲಿಂದ ಎತ್ತುವುದನ್ನು ಮರೆತೆ. ಅದೂ ಎಡಗಡೆಯ ಕೀ. ದೊಡ್ಡ ಸ್ಪೀಕರಿನಿಂದ ಗಂಭೀರವಾದ ಗಂಡುದನಿಯಲ್ಲಿ ಬಂತು: "ಹಾಲು ತಂದ್ರೇನು?"

ಮದುಮಗನ ಸೋದರಮಾವ ಬೆಚ್ಚಿಬಿದ್ದ. "ಐನೋರು ಹಾಲು ಕೇಳಾಕತ್ತಾರ! ಯಾರೂ ತಂದಿಲ್ಲೇನು? ಜಲ್ದಿ ತರ್ರಿ!"

ಹೆಂಗಸರು ಓಡಿದರು. ಒಂದು ತಂಬಿಗೆ ಹಾಲು ಬಂತು. ಮದುವೆ ಮಾಡಿಸುತ್ತಿದ್ದ ಐನೋರು ನನ್ನ ಮುಖ ನೋಡಿದರು, ಹಾಲು ನೋಡಿದರು. ಬಂದದ್ದನ್ನು ವಾಪಸ್ ಕಳಿಸುವುದು ಸರಿಯಲ್ಲವೆಂದು ವಧೂವರರ ತಲೆ ಮೇಲೆ ನಾಲ್ಕು ಹನಿ ಸಿಂಪಡಿಸಿದರು. ಮುಂದಿನ ವರ್ಷ ಆ ಮದುಮಗನ ತಂಗಿಯ ಮದುವೆಗೆ ಹೋದಾಗ, ಮಂಟಪದ ಪಕ್ಕದಲ್ಲಿ ಮೊದಲೇ ಒಂದು ತಂಬಿಗೆ ಹಾಲು ಇಟ್ಟಿದ್ದರು. "ನಮ್ಮ ಮನೆತನದ ಪದ್ಧತಿರಿ" ಎಂದು ಆ ಸೋದರಮಾವನೇ ನನಗೆ ತಿಳಿಸಿ ಹೇಳಿದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. "ಮುಡಬಿ ಮಂದಿ ನಾ ಒಮ್ಮೆ ಕೇಳಿದ್ರ ಹಾಲು ತರತಾರ. ನೀವು ಇನ್ನೂ ತಂದಿಲ್ಲ" ಅಂದಳು.

ಕುರಿಗಳ ತೀರ್ಪು

ನಿರ್ಣಾ ಕಡೆಯ ಒಬ್ಬ ಕುರುಬಣ್ಣ ಕುರಿಗಳನ್ನು ನೀರಿಗೆ ಕರೆಯುವ ಸದ್ದು ಕೇಳಿ ನಾನು ಮರುಳಾಗಿದ್ದೆ. ನಾಲಿಗೆ ಹೊರಳಿಸಿ 'ಹುರ್ರ್ರೋ' ಎಂದು ಎಳೆಯುತ್ತಿದ್ದ. ಅವನಿಗೆ ಚಹಾ ಕುಡಿಸಿ, ಹೊಲದ ಬದುವಿನಲ್ಲಿ ಕೂರಿಸಿ ರೆಕಾರ್ಡ್ ಮಾಡಿಕೊಂಡೆ. ಹಲಗೆಯ ಪೆಟ್ಟಿನ ನಡುವೆ ಅದನ್ನು ಸೇರಿಸಿದರೆ ಯಾವ ಮೆರವಣಿಗೆಯೂ ನಿಂತಲ್ಲಿ ನಿಲ್ಲುವಂತಿರಲಿಲ್ಲ.

ಹಳ್ಳಿಖೇಡದಲ್ಲಿ ಮದುಮಗನ ಮೆರವಣಿಗೆ. ಟ್ರ್ಯಾಕ್ಟರಿನ ಟ್ರಾಲಿ ಮೇಲೆ ನಾನು, ನನ್ನ ಸ್ಪೀಕರು. ಹಿಂದೆ ಕುಣಿಯುವ ಹುಡುಗರು. 'ಹುರ್ರ್ರೋ' ಬಾರಿಸಿದಾಗಲೆಲ್ಲ ಕೇಕೆ. ಕುಣಿತದ ಗದ್ದಲ ಜೋರಾಗುತ್ತಲೇ ಇತ್ತು, ನಾನು ಉಬ್ಬುತ್ತಲೇ ಇದ್ದೆ. ಹೆಣ್ಣಿನವರ ಮನೆ ಮುಂದೆ ಟ್ರ್ಯಾಕ್ಟರ್ ನಿಂತ ಮೇಲೆ ತಿರುಗಿ ನೋಡುತ್ತೇನೆ, ಹುಡುಗರ ಹಿಂದೆ ಒಂದು ಹಿಂಡು ಕುರಿ! ರಸ್ತೆ ಪಕ್ಕ ಮೇಯುತ್ತಿದ್ದ ಅದೇ ಕುರುಬಣ್ಣನ ಕುರಿಗಳು ಒಡೆಯನನ್ನು ಬಿಟ್ಟು ಸ್ಪೀಕರ್ ಹಿಂದೆ ಬಂದಿದ್ದವು.

ಆರತಿ ತಟ್ಟೆ ಹಿಡಿದ ಹೆಣ್ಣಿನ ದೊಡ್ಡಮ್ಮ ಗಂಡನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ಬೀಗರು ಮಂದಿ ಭಾಳ ತರತಾರಂತ ನಾ ಮೊದಲೇ ಹೇಳಿದ್ದಿಲ್ಲೇನ್ರಿ?"

ಕುರುಬಣ್ಣ ಏದುಸಿರು ಬಿಡುತ್ತ ಓಡಿಬಂದ. ಹೊಡೆಯುತ್ತಾನೆಂದು ನಾನು ಕೀಬೋರ್ಡ್ ಹಿಂದೆ ಬಗ್ಗಿದೆ. ಅವನು ಬೆರಗಾಗಿ ನಿಂತ. "ನನ್ನ ಖಾಸ ತಮ್ಮ ಕರದ್ರ ಬರಂಗಿಲ್ಲ ಇವು. ನಿನ್ನ ಪೆಟ್ಟಿಗಿ ಕರದ್ರ ಬಂದಾವ!"

ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾರು ಕೊಡಬೇಕು? ಊರಿಗೆ ಬಂದವನೇ ಮುತ್ಯಾನ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಮುತ್ಯಾ ಬೆಲ್ಲ ಒಡೆಯುತ್ತ ಕೇಳಿದ. "ಕುರಿ ಮೋಸ ಹೋಗ್ಯಾವ. ನಾ ಕುರಿ ಅಲ್ಲ" ಅಂದ.

ಸಾಫ್ ಮಾಡಿದ್ದು

ಉಸಿರು ಬೇಕೆಂದರೆ ಉಸಿರನ್ನೇ ತುಂಬುತ್ತೇನೆ ಎಂದು ನನಗೂ ಹಟ ಬಂತು. ಮುತ್ಯಾನ ಹಾರ್ಮೋನಿಯಂ ಹೊಗಳಿ, ನೆನಪಿಗಾದರೂ ಅದರ ದನಿ ಇಟ್ಟುಕೊಳ್ಳುತ್ತೇನೆ ಎಂದು ಕಾಲಿಗೆ ಬಿದ್ದೆ. ಹೊಗಳಿಕೆಗೆ ಕರಗಿದ ಮುತ್ಯಾ ಒಂದೊಂದೇ ಸ್ವರ ಬಾರಿಸಿಕೊಟ್ಟ. ಆದರೆ ಪ್ರತಿ ಸ್ವರಕ್ಕೂ ಮೊದಲು "ಅಹ್ಹ್‌ಹೂಂ" ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಮುತ್ಯಾ, ಕೆಮ್ಮಬ್ಯಾಡ್ರಿ" ಅಂದೆ.

"ನಾ ಎಲ್ಲಿ ಕೆಮ್ಮಾಕತ್ತೇನಿ?" ಎಂದು ಕೇಳಿದ. ಅವನಿಗೆ ಅದು ಗೊತ್ತೇ ಇರಲಿಲ್ಲ. ಭಜನೆಯಲ್ಲೂ ಪ್ರತಿ ಸಾಲಿನ ಮುಂಚೆ ಅವನಿಗೆ ಅದೇ ಚಟ.

ಮನೆಗೆ ಬಂದು ಆ ಕೆಮ್ಮುಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ತೆಗೆದೆ. ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ತಾಳ್ಮೆಯ ಕೆಲಸ. ಕೊನೆಗೆ ಉಳಿದದ್ದು ಅಪ್ಪಟ ಹಾರ್ಮೋನಿಯಂ, ತಿದಿ ಗಾಳಿ ಎಳೆಯುವ ಸದ್ದು ಸಮೇತ. ಕೆಮ್ಮು ಇದ್ದ ಮೊದಲ ಸ್ವರವೊಂದನ್ನು ಮಾತ್ರ ಅಳಿಸಲು ಯಾಕೋ ಮನಸ್ಸಾಗದೆ, ಬೇರೊಂದು ಬಟನ್ನಿಗೆ ಹಾಕಿಟ್ಟೆ.

"ನನ್ನ ಹಾಲಿನ ಮಾತು ಕತ್ತರಿಸಲಿಲ್ಲ. ಮುತ್ಯಾನ ಕೆಮ್ಮಿಗೆ ಮಾತ್ರ ಎಷ್ಟು ಕಾಳಜಿ!" ಎಂದಳು ಹೆಂಡತಿ.

ಹುಮನಾಬಾದಿನಲ್ಲಿ

ಹುಮನಾಬಾದಿನಲ್ಲಿ ಭಜನೆಯ ಪೈಪೋಟಿ ಇತ್ತು. ನಮ್ಮ ಮಂಡಳಿಗೆ ಮೈಕ್ ಸೆಟ್ ನನ್ನದೇ ಆದ್ದರಿಂದ ನನ್ನನ್ನೂ ಟೆಂಪೋದಲ್ಲಿ ಹತ್ತಿಸಿಕೊಂಡರು. ಯಾವುದಕ್ಕೂ ಇರಲಿ ಎಂದು ಕೀಬೋರ್ಡನ್ನೂ ಸ್ಪೀಕರಿನ ಹಿಂದೆ ಅಡಗಿಸಿಟ್ಟಿದ್ದೆ. ಊರು ಹತ್ತಿರ ಬಂದಾಗ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್. ಡ್ರೈವರ್ ಜೋರಾಗಿ ಬ್ರೇಕ್ ಹಾಕಿದ. ನನ್ನ ಸ್ಪೀಕರ್ ಸೀದಾ ಮುತ್ಯಾನ ಹಾರ್ಮೋನಿಯಂ ಮೇಲೆ ಬಿತ್ತು. ತಿದಿ ಹರಿಯಿತು.

ಎಲ್ಲರೂ ನನ್ನನ್ನೇ ನೋಡಿದರು. ನನಗೆ ಅಳು ಬರುವುದೊಂದು ಬಾಕಿ.

ಮುತ್ಯಾ ಹರಿದ ತಿದಿಯನ್ನು ಸವರಿ, ನನ್ನ ಕಡೆ ತಿರುಗಿದ. "ನಿನ್ನ ಪೆಟ್ಟಿಗ್ಯಾಗ ಉಸಿರಿಲ್ಲ. ಇವತ್ತು ನನ್ನ ಪೆಟ್ಟಿಗ್ಯಾಗೂ ಉಸಿರಿಲ್ಲ. ಹೋಗು, ಕುಂಡ್ರು. ನಾ ಕೆಳಗ ಮಂದ್ಯಾಗ ಕುಂಡ್ರತೀನಿ."

ಹೀಗೆ ಅಪ್ಪ ಕೂತ ಜಮಖಾನದ ಮೇಲೆ ನಾನು ಮೊದಲ ಸಲ ಕೂತೆ. ಸಾಫ್ ಮಾಡಿದ ಹಾರ್ಮೋನಿಯಂ ತೆಗೆದು ಬಾರಿಸಿದೆ. ಎಷ್ಟು ಚಂದ ಬಂತೆಂದರೆ ಮುಂದಿನ ಸಾಲಿನ ಮುತ್ಯಾ ತಲೆಯೆತ್ತಿ ನೋಡಿದ. ಭಜನೆಯ ಮೊದಲ ಸಾಲು ಬಾರಿಸಿ ಮುಗಿಸಿದೆ. ಈಗ ಹಿಂದಿನವರು ದನಿಗೂಡಿಸಬೇಕು. ಯಾರೂ ಬಾಯಿ ತೆರೆಯಲಿಲ್ಲ. ಮತ್ತೆ ಬಾರಿಸಿದೆ. ಮತ್ತೆ ಮೌನ. ಪಕ್ಕದಲ್ಲಿ ಸರದಿ ಕಾಯುತ್ತಿದ್ದ ಬೇರೆ ಮಂಡಳಿಯವರು ಕಿಸಕ್ಕನೆ ನಕ್ಕರು.

ತಬಲಾದವನು ಹಲ್ಲು ಕಚ್ಚಿ ಪಿಸುಗುಟ್ಟಿದ: "ಕೆಮ್ಮೋ ಮಾರಾಯಾ! ಮುತ್ಯಾ ಕೆಮ್ಮಿದ್ರನೇ ನಾವು ಎತ್ತಿಕೊಳ್ಳೂದು!"

ಇಷ್ಟು ವರ್ಷ ಅವರು ತಾಳ ಹಿಡಿದದ್ದು ಹಾರ್ಮೋನಿಯಂನಿಂದಲ್ಲ, ಆ ಕೆಮ್ಮಿನಿಂದ! ನಾನು ಕೆಮ್ಮಿದೆ. ಯಾರೂ ಕದಲಲಿಲ್ಲ. ಅದು ಮುತ್ಯಾನ ಕೆಮ್ಮಲ್ಲವಲ್ಲ.

ಆಗ ಆ ಇನ್ನೊಂದು ಬಟನ್ ನೆನಪಾಯಿತು. ಒತ್ತಿ, ಕೀ ಮೇಲೆ ಬೆರಳಿಟ್ಟೆ.

"ಅಹ್ಹ್‌ಹೂಂ!"

ಸ್ಪೀಕರಿನಿಂದ ಇಡೀ ಸಭೆಯ ಮೇಲೆ ಮುತ್ಯಾನ ಕೆಮ್ಮು ಬಿತ್ತು. ಮರುಕ್ಷಣವೇ ಹಿಂದಿನವರೆಲ್ಲ ಒಂದೇ ದನಿಯಲ್ಲಿ ಎತ್ತಿಕೊಂಡರು. ಕೆಳಗೆ ಮುತ್ಯಾ ಗಾಬರಿಯಿಂದ ತನ್ನ ಗಂಟಲು ಮುಟ್ಟಿ ನೋಡಿಕೊಂಡ. ಆಮೇಲೆ ನಮ್ಮನ್ನು ಹಿಡಿಯುವವರೇ ಇರಲಿಲ್ಲ. ಸಾಲು ಸಾಲಿಗೂ ಕೆಮ್ಮು, ಸಾಲು ಸಾಲಿಗೂ ದನಿ. ಮೇಲಿನ ಕೀಯಲ್ಲಿ ಅದು ಎಳೆಮಗುವಿನ ಕೆಮ್ಮಾಯಿತು, ಕೆಳಗಿನದರಲ್ಲಿ ಎಮ್ಮೆಯದು. ನಮ್ಮವರಿಗೆ ಯಾವುದಾದರೇನು, ಅಪ್ಪಣೆ ಸಿಕ್ಕಿತ್ತು. ಮಂದಿ ನಕ್ಕರು, ಚಪ್ಪಾಳೆ ತಟ್ಟಿದರು, ಕೊನೆಗೆ ಕೆಮ್ಮಿನ ಜಾಗ ಬಂದಾಗ ಸಭೆಗೆ ಸಭೆಯೇ ಕೆಮ್ಮಿತು. ಮೊದಲ ಬಹುಮಾನ ನಮಗೇ ಬಂತು.

ವಾಪಸ್ ಬರುವಾಗ ಮುತ್ಯಾ ಹರಿದ ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಪಕ್ಕ ಹೋಗಿ ಕೂತ. ಮೊದಲ ಸಲ ಕೂತದ್ದೇ ಕೊನೆಯ ಸಲವಾಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ, ಕೊರಳಿಗೆ ಮಫ್ಲರ್ ಸುತ್ತಿಕೊಂಡು, ಮಂಡಳಿಯ ಜಮಖಾನವನ್ನು ಬಗಲಲ್ಲಿ ಇಟ್ಟುಕೊಂಡು ಮುತ್ಯಾ ನಿಂತಿದ್ದ. ಒಳಗೆ ಬಂದು ಅದನ್ನು ನಡುಮನೆಯಲ್ಲಿ ಹಾಸಿ, ನನ್ನ ಕೀಬೋರ್ಡನ್ನು ತಾನೇ ಎತ್ತಿ ಅದರ ಮೇಲೆ ಇಟ್ಟ.

"ಮ್ಯಾಲಿನ ಕೆಮ್ಮು ಬರೋಬ್ಬರಿ ಇಲ್ಲ, ಕೂಸಿನಂಗ ಕೇಳತದ. ನನ್ನ ಮರ್ಯಾದಿ ಪ್ರಶ್ನಾ ಅದ. ಮೈಕ್ ತಗಿ. ಸಾ ದಿಂದ ನಿ ತನಕ ಏಳೂ ಸ್ವರದಾಗ ಬ್ಯಾರೆ ಬ್ಯಾರೆ ಕೆಮ್ಮತೀನಿ, ತುಂಬಿಕೋ."