ಚೀಲದ ಹೊಟ್ಟೆ ನೋಡುವ ವಿಮರ್ಶಕ

ನಮ್ಮ ಬೀದರ ಜಿಲ್ಲೆಯ ಅತಿ ದೊಡ್ಡ ಸಾಹಿತ್ಯ ವಿಮರ್ಶಕರು ನಮ್ಮ ಮಾಮಾ. ಅವರು ಇದುವರೆಗೆ ಒಂದೇ ಒಂದು ಲೇಖನವನ್ನೂ ಮೊದಲಿನಿಂದ ಕೊನೆಯವರೆಗೆ ಓದಿಲ್ಲ!

ನಂಬುವುದಿಲ್ಲವೇ? ಬೀದರದ ಕಾಳುಕಡಿಯ ಪೇಟೆ ಗಾಂಧಿ ಗಂಜಕ್ಕೆ ಬನ್ನಿ. ರೈತರು ತಂದ ತೊಗರಿ, ಹೆಸರು, ಕಡಲೆಯನ್ನು ದೂರದೂರಿನ ಖರೀದಿದಾರರಿಗೆ ಮಾರಿಸಿಕೊಡುವ ಅಡತಿ ಅಂಗಡಿ ನನ್ನ ಅವ್ವನ ಈ ಅಣ್ಣನದು. ಕೈಯಲ್ಲಿ ಸದಾ ಒಂದು ಚೂಪು ಕಬ್ಬಿಣದ ಕೊಳವೆ. ಅದನ್ನು ಚೀಲದ ಹೊಟ್ಟೆಗೆ ಚುಚ್ಚಿದರೆ ಒಳಗಿನ ಒಂದು ಹಿಡಿ ಕಾಳು ಅಂಗೈಗೆ ಜಾರುತ್ತದೆ. ಒಂದು ಕಾಳು ಕಡಿಯುತ್ತಾರೆ, ಚೀಲದ ಜಾತಕ ಹೇಳುತ್ತಾರೆ. ಆ ಹಿಡಿ ಕಾಳಿಗೆ ಅಲ್ಲಿ ನಮೂನಾ ಎನ್ನುತ್ತಾರೆ.

ನಾನು ಖಾಸಗಿ ಶಾಲೆಯೊಂದರ ಟೀಚರು. ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗಬೇಕು ಎಂಬುದೊಂದೇ ಆಸೆ. ಭಾಲ್ಕಿಯ ನನ್ನ ಬಾಲ್ಯದ ಬಗ್ಗೆ ಮೊದಲ ಲೇಖನ ಬರೆದು, ಪ್ರಿಂಟ್ ತೆಗೆಸಿ, ಹೆಮ್ಮೆಯಿಂದ ಮಾಮಾನ ಕೈಗಿಟ್ಟೆ. ಅವರು ನಡುವಿನ ಪುಟ ತೆರೆದು ಎರಡು ಸಾಲು ಓದಿ ಮುಚ್ಚಿದರು.

"ಹಸಿ ಅದವ್ವಾ. ಇನ್ನೂ ನಾಕು ಬಿಸಿಲು ಕಾಣ್ಬೇಕು."

"ಮೊದಲ್ನೇ ಪುಟ ಓದ್ರಿ ಮಾಮಾ! ಅದಕ್ಕೇ ಎಂಟು ದಿನ ಹಿಡದದ!"

"ಅದಕ್ಕೇ ಓದಿಲ್ಲ. ಚೀಲದ ಬಾಯಾಗ ಎಲ್ಲಾರೂ ಚಲೋ ಕಾಳೇ ಇಡ್ತಾರ. ನಾ ಹೊಟ್ಟಿ ನೋಡಾಂವ."

ಎರಡನೆಯದಕ್ಕೆ, "ಇದ್ರಾಗ ಹರಳು ಬಾಳ ಅವ" ಎಂದರು. ಹರಳು ಎಂದರೆ ನಾನು ನಿಘಂಟಿನಿಂದ ಹುಡುಕಿ ಹುಡುಕಿ ಹಾಕಿದ್ದ ಸಂಸ್ಕೃತ ಪದಗಳು! ಅಂಗಡಿಯ ಹಿರಿಯ ಹಮಾಲ ಚಾಚಾ ಬೆನ್ನ ಮೇಲಿನ ಚೀಲ ಇಳಿಸದೆಯೇ ತಲೆಯಾಡಿಸಿದ. "ಸಾವಕಾರ ಬರಾಬರ್ ಹೇಳ್ಯಾರ ಬೇಟಿ. ಹಲ್ಲಿಗೆ ಸಿಗ್ತಾವ." ಆತ ಓದಿರಲೇ ಇಲ್ಲ!

ಪತ್ರಿಕೆಗಳೂ ಮಾಮಾನ ಪಕ್ಷವನ್ನೇ ಹಿಡಿದವು. ಆರು ಲೇಖನ ಕಳಿಸಿದೆ. ಒಂದಕ್ಕೆ "ವಿಷಾದಿಸುತ್ತೇವೆ" ಎಂದು ಬಂತು. ಉಳಿದ ಐದಕ್ಕೆ ಏನೂ ಇಲ್ಲ. ಮೂರು ತಿಂಗಳಲ್ಲಿ ಉತ್ತರ ಬಾರದಿದ್ದರೆ ತಿರಸ್ಕೃತ ಎಂದು ತಿಳಿಯಬೇಕಂತೆ! ಇದನ್ನು ಕೇಳಿ ಮಾಮಾ ಕೆಂಡವಾದರು. "ಮಾಲು ಬ್ಯಾಡಂದ್ರ ಬ್ಯಾಡ ಅನ್ಬೇಕು. ಬಾಯಿ ಮುಚ್ಕೊಂಡು ಕುಂಡ್ರದು ಯಾವ ವ್ಯವಹಾರ?" ನಾನು ಮಾತ್ರ ಪ್ರತಿ ಸಲವೂ ಮಾಮಾನಿಗೆ ತೋರಿಸಿದ್ದ ಪ್ರಿಂಟನ್ನು ಮುದುಡಿ ಅಂಗಡಿಯ ಕಸದ ಬುಟ್ಟಿಗೆ ಎಸೆದು ಮನೆಗೆ ಬರುತ್ತಿದ್ದೆ.

ಏಳನೆಯದನ್ನು ನಮ್ಮ ಅತ್ತೆಯ ಮೇಲೆ ಬರೆದೆ. ಅತ್ತೆ ಎಂದರೆ ಮಾಮಾನ ಹೆಂಡತಿ. ಚಿಂತಾಕಿಯ ತವರಿಗೆ ಹೊರಟವರು ಔರಾದ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯಲು ಇಳಿದ ಕಥೆ. ಎಂಟು ಪುಟ. "ಇದೂ ಆಗಲಿಲ್ಲಂದ್ರ ಬರಿಯೋದೇ ಬಿಡ್ತೇನಿ" ಎಂದು ಸಾರಿಬಿಟ್ಟೆ. ಹುಡುಗಾಟಕ್ಕಲ್ಲ, ನಿಜವಾಗಿಯೂ ಸಾಕಾಗಿತ್ತು. ಈ ಸಲ ನಾನು ಆರಿಸಿಕೊಂಡ ವಾರಪತ್ರಿಕೆಯವರು ಅಂಚೆಯಲ್ಲಿ ಬಂದದ್ದನ್ನು ಮಾತ್ರ ನೋಡುತ್ತಿದ್ದರು. ಮಾಮಾ ಹೇಗೂ ಅಂಚೆ ಕಚೇರಿಗೆ ಹೊರಟಿದ್ದರು, ಲಕೋಟೆ ಅವರ ಕೈಗೆ ಕೊಟ್ಟೆ. ನನಗೆ ಬುದ್ಧಿ ಬೇಡವೇ?

ಹದಿನೈದು ದಿನದ ಮೇಲೆ ಅವರಾಗಿಯೇ ಹೇಳಿದರು. "ಎಂಟೂ ಪುಟ ಕಳ್ಸಿಲ್ಲವ್ವಾ. ನಾಕನೇ ಪುಟ ಅಷ್ಟೇ ಕಳ್ಸೇನಿ."

"ಏನಂದ್ರಿ?"

"ನಮೂನಾ! ಖರೀದಿದಾರಗ ನಮೂನಾ ತೋರಿಸ್ದೆ ಪೂರಾ ಮಾಲು ಯಾರರೇ ಕಳ್ಸ್ತಾರೇನು?"

ಜೊತೆಗೆ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬೇರೆ: "ನಮೂನಾ ಕಳಿಸಿದ್ದೇವೆ. ಮಾಲು ಸ್ವಚ್ಛ ಇದೆ, ಹರಳಿಲ್ಲ. ಪಸಂದ್ ಬಂದರೆ ಫೋನ್ ಮಾಡಬೇಕು."

"ಲೇಖನ ಏನು ತೊಗರಿ ಏನ್ರಿ ಮಾಮಾ?"

"ತೊಗರಿ ಆಗಿದ್ರ ಇಷ್ಟೊತ್ತಿಗೆ ಹೈದರಾಬಾದ ಮುಟ್ತಿತ್ತು!"

ನನ್ನ ಮಾನ ಮೂರು ಕಾಸಿಗೆ ಹೋಯಿತೆಂದು ಕಣ್ಣೀರಿಟ್ಟೆ, ಒಂದು ತಿಂಗಳು ಗಂಜದ ಕಡೆ ತಲೆ ಹಾಕಲಿಲ್ಲ. ಪೆನ್ನನ್ನೂ ಮುಟ್ಟಲಿಲ್ಲ. ಆಮೇಲೊಂದು ಮಧ್ಯಾಹ್ನ ಮಾಮಾನ ಫೋನ್ ಬಂತು. "ಓಡಿ ಬಾ, ಖರೀದಿದಾರ ಲೈನ್ ಮ್ಯಾಲ ಇದ್ದಾರ!"

ಓಡಿದೆ. ಅಂಗಡಿಯ ಇನ್ನೊಂದು ಫೋನಿನ ಸ್ಪೀಕರಿನಲ್ಲಿ ಸಂಪಾದಕರು ಅಂಗಲಾಚುತ್ತಿದ್ದರು. ನಾಲ್ಕನೆಯ ಪುಟದ ಕೊನೆಯ ಸಾಲಿನಲ್ಲಿ ಅತ್ತೆ ಚಹಾದ ಗ್ಲಾಸು ಹಿಡಿದು ತಿರುಗುತ್ತಾರೆ, ಬಸ್ಸು ಹೊರಟಿರುತ್ತದೆ, ಪುಟ ಮುಗಿಯುತ್ತದೆ! "ಸಾರ್, ಒಂದು ವಾರದಿಂದ ನಮ್ಮ ಕಚೇರಿಯಲ್ಲಿ ಇದೇ ಚರ್ಚೆ. ಆಕೆಗೆ ಬಸ್ಸು ಸಿಕ್ಕಿತೋ ಇಲ್ಲವೋ?"

"ಮಾಲು ಪಸಂದ್ ಬಂತೋ ಇಲ್ಲೋ, ಮೊದಲ ಅದು ಹೇಳ್ರಿ" ಎಂದರು ಮಾಮಾ. "ಈಗ ಆಕಿ ಔರಾದದಾಗೇ ನಿಂತಾಳ. ನೀವು ಹೂಂ ಅಂದ್ರ ಬಸ್ ಹತ್ತಿಸ್ತೇವಿ!"

ಸಂಪಾದಕರು ನಕ್ಕರು. ಹೂಂ ಅಂದರು.

ಲೇಖನ ಅಚ್ಚಾಯಿತು. ಮಾಮಾ ಪ್ರತಿಗಳನ್ನು ಚೀಲದಲ್ಲಿ ತುಂಬಿಕೊಂಡು ಭಾಲ್ಕಿ, ಸಾಯಗಾಂವದ ಬೀಗರಿಗೆಲ್ಲ ಹಂಚಿ ಬಂದರು, ನಡುವಿನಿಂದ ಓದಬೇಕೆಂಬ ತಾಕೀತಿನೊಂದಿಗೆ. ಅತ್ತೆ ತಮ್ಮ ಪ್ರತಿಯನ್ನು ಟಿ.ವಿ. ಮೇಲೆ ಇಟ್ಟು ಬಂದವರಿಗೆಲ್ಲ ಚಹಾ ಕೊಡತೊಡಗಿದರು.

ನಾನು ಪತ್ರಿಕೆ ಹಿಡಿದು ಅಂಗಡಿಗೆ ಹೋದಾಗ ಮಾಮಾ ಗೋಡೆಯ ಕಪಾಟು ತೆರೆದಿದ್ದರು. ತಾವು ಕಳಿಸಿದ ನಮೂನಾದ ಇನ್ನರ್ಧವನ್ನು ಅವರು ಪುಡಿಕೆ ಕಟ್ಟಿ ಅಲ್ಲಿಡುತ್ತಾರೆ. ಮಾಲು ಮಾರಿ, ಕೊಂಡವನು ಒಪ್ಪಿಕೊಂಡ ಮೇಲಷ್ಟೇ ಪುಡಿಕೆ ಬಿಚ್ಚುವುದು. ಗಂಜದ ರಿವಾಜು ಅದು. ತೊಗರಿ, ಕಡಲೆ ಪುಡಿಕೆಗಳ ಪಕ್ಕದ ಸಾಲಿನಿಂದ ಒಂದನ್ನು ತೆಗೆದು ದಾರ ಬಿಚ್ಚಿದರು. ಒಳಗೆ ನನ್ನ ನಾಲ್ಕನೆಯ ಪುಟದ ಝೆರಾಕ್ಸು.

"ಇದು ಹೋಯ್ತು" ಎಂದರು ಸಮಾಧಾನದಿಂದ.

ಆ ಸಾಲಿನಲ್ಲಿ ಇನ್ನೂ ಆರು ಪುಡಿಕೆಗಳಿದ್ದವು. ಒಂದನ್ನು ನಾನೇ ಬಿಚ್ಚಿದೆ. ನಾನು ಮುದುಡಿ ಎಸೆದಿದ್ದ ಮೊದಲ ಲೇಖನ! ಒಂದೊಂದು ಹಾಳೆಯ ಸುಕ್ಕನ್ನೂ ಕೈಯಿಂದ ತೀಡಿ ಮಡಚಿಟ್ಟಿದ್ದರು. ಮೇಲೆ ಅವರ ದಪ್ಪ ಅಕ್ಷರ: "ಮಾಲು ಚಲೋ. ಸ್ವಲ್ಪ ಹಸಿ."

"ಇವೆಲ್ಲಾ ನಾ ಎಸೆದದ್ದಲ್ಲೇನ್ರಿ ಮಾಮಾ?"

"ನೀ ಎಸೆದಿ. ಇನ್ನೂ ಮಾರದ ಮಾಲಿನ ನಮೂನಾ ನಾ ಹ್ಯಾಂಗ ಎಸೀಲವ್ವಾ?"

ನನ್ನ ಬರವಣಿಗೆಯನ್ನು ನಾನೇ ಕೈಬಿಟ್ಟಾಗಲೂ ಈ ಮನುಷ್ಯ ಬಿಟ್ಟಿರಲಿಲ್ಲ. ಅತ್ತೇಬಿಟ್ಟೆ. ಚಾಚಾ ಒಂದು ತೊಗರಿ ಚೀಲ ಸರಿಸಿ "ಕೂಡು ಬೇಟಿ" ಎಂದ.

ಕೂತು, ಕಣ್ಣೊರೆಸಿಕೊಂಡು, ಹಾಳೆಗಳ ನಡುವಿನ ಪುಟ ತೆರೆದು ಎರಡು ಸಾಲು ಓದಿದೆ. ಹೌದು, ಹಸಿಯೇ ಇತ್ತು.

"ಮಾಮಾ, ಪೆನ್ನು ಕೊಡ್ರಿ" ಎಂದೆ.