ಸರ್ಕಾರ ಎಲ್ಲಿ ನಿಂತಿದೆ ಅಂತ ಹುಡುಕಿದ್ದು

ನಮ್ಮ ಪ್ರೊಫೆಸರರಿಗೆ ಒಂದು ಅಭ್ಯಾಸವಿತ್ತು. ಯಾವುದೇ ರಾಜಕೀಯ ಪಕ್ಷದ ಹೆಸರು ಹೇಳುವ ಮುಂಚೆ ಎದ್ದು ಹೋಗಿ ಬಾಗಿಲು ಹಾಕಿ, ಚಿಲಕ ಬಿದ್ದಿದೆಯೇ ಅಂತ ಎಳೆದು ನೋಡಿ, ಬಂದು ಕೂತು, ಪಿಸುದನಿಯಲ್ಲಿ ಹೇಳುತ್ತಿದ್ದರು. ಅಷ್ಟು ಹೊತ್ತಿಗೆ ಅದೇ ಹೆಸರನ್ನು ರಸ್ತೆಯಲ್ಲಿ ಆಟೋಗೆ ಮೈಕು ಕಟ್ಟಿಕೊಂಡವರು ಕೂಗುತ್ತಾ ಹೋಗಿರುತ್ತಿದ್ದರು. ರಾಜಕೀಯವನ್ನು ಅಂಕಿಯಲ್ಲಿ ಹಿಡಿಯಲು ಹೊರಟವರ ಆಫೀಸಿನಲ್ಲಿ ಇಂಥದ್ದು ಆಗದ ವಾರವೇ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಮೈಸೂರಿನ ಒಂದು ಟ್ರಸ್ಟು ನಡೆಸುತ್ತಿದ್ದ ಪುಟ್ಟ ಸಂಶೋಧನಾ ಕೇಂದ್ರ ಅದು. ಪಕ್ಷಗಳ ಪ್ರಣಾಳಿಕೆ ಓದಿ ಪ್ರತಿ ವಾಕ್ಯಕ್ಕೂ ಅಂಕಿ ಹಾಕುವುದು ನಮ್ಮ ಕೆಲಸ. 'ಸರ್ಕಾರವೇ ಮಾಡುತ್ತದೆ' ಅಂದರೆ ಎಡಕ್ಕೆ, ಮೈನಸ್ ಒಂದು. 'ಖಾಸಗಿಯವರು ಮಾಡಲಿ' ಅಂದರೆ ಬಲಕ್ಕೆ, ಪ್ಲಸ್ ಒಂದು. ಎರಡೂ ಅಲ್ಲದಿದ್ದರೆ ಸೊನ್ನೆ. ಅವನ್ನೆಲ್ಲ ಕಂಪ್ಯೂಟರಿಗೆ ಕೊಟ್ಟರೆ, ಯಾವ ಪಕ್ಷ ಎಲ್ಲಿದೆ, ಆ ಪಕ್ಷಗಳು ಕೂಡಿ ಮಾಡಿದ ಸರ್ಕಾರ ಎಲ್ಲಿದೆ ಅಂತ ನಾನು ಬರೆದ ಪ್ರೋಗ್ರಾಂ ಹೇಳಬೇಕು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಾನು ಕನ್ನಡ ಸರಾಗವಾಗಿ ಓದಲು ಕಲಿತದ್ದೇ ಈ ಪ್ರಣಾಳಿಕೆಗಳಿಂದ. ಹಾಗಾಗಿ ನನ್ನ ಕನ್ನಡದಲ್ಲಿ 'ಮಾಡಲಾಗುವುದು', 'ಕೊಡಲಾಗುವುದು' ಬಹಳ ಗಟ್ಟಿ. 'ಮಾಡಿದೆವು' ಅನ್ನುವುದು ಸ್ವಲ್ಪ ವೀಕು.

ನನ್ನದು ತಾತ್ಕಾಲಿಕ ಹುದ್ದೆ. ಟ್ರಸ್ಟಿನ ಅಧ್ಯಕ್ಷರು ಸಹಿ ಹಾಕಿದರೆ ಮುಂದುವರಿಯುತ್ತದೆ. ಇಲ್ಲದಿದ್ದರೆ ಜೂನಿನಿಂದ ದೊಡ್ಡಮ್ಮನ ಕಾನ್ವೆಂಟಿನಲ್ಲಿ ಎಲ್‌ಕೆಜಿ ಮಕ್ಕಳ ಮುಂದೆ ಕೈಕಾಲು ಆಡಿಸುತ್ತಾ ರೈಮ್ಸ್ ಹೇಳಿಸಬೇಕು. ಆಟೋದವರಿಗೆ 'ಇಲ್ಲೇ ನಿಲ್ಲಿಸಿ' ಅನ್ನಲೂ ಸಂಕೋಚಪಟ್ಟು ಎರಡು ಬೀದಿ ಮುಂದೆ ಇಳಿದು ವಾಪಸು ನಡೆದು ಬರುವವಳು ನಾನು. ಆ ರೈಮ್ಸ್ ನನ್ನ ಕನಸಿಗೇ ಬರುತ್ತಿತ್ತು.

ಚಿಹ್ನೆ ಒಂದೇ ಸಾಕು

ಪ್ರೋಗ್ರಾಂ ಸರಿಯಿದೆಯೇ ನೋಡಲು ಮೊದಲು ನಗರಪಾಲಿಕೆ ಚುನಾವಣೆಯ ಕರಪತ್ರಗಳನ್ನು ತೆಗೆದುಕೊಂಡೆವು. ಕೆಸರೆಯ ಒಂದು ಪಕ್ಷದ ಆಫೀಸಿಗೆ ಹೋಗಿ ಕೇಳಿದೆ.

"ಎಲೆಕ್ಷನ್ ಮುಗ್ದೋಯ್ತಲ್ಲಮ್ಮ, ಈಗ್ಯಾಕೆ ಬಂದ್ಬುಟ್ರಿ?" ಅಂದರು ಅಲ್ಲಿದ್ದವರು.

"ಏನೇನು ಮಾಡ್ತೀವಿ ಅಂದಿದ್ರಿ ಅಂತ ನೋಡೋಕೆ."

ಅವರು ನನ್ನನ್ನು ಬಹಳ ಕನಿಕರದಿಂದ ನೋಡಿ ಒಂದು ಪ್ರತಿ ಕೊಟ್ಟರು. ಅವರ ಕಡುವೈರಿಗಳ ಪ್ರತಿ ರಾಜೀವನಗರದಲ್ಲಿ ಸಿಕ್ಕಿತು. ಲೆಕ್ಕ ಹಾಕಿದರೆ ಇಬ್ಬರಿಗೂ ಒಂದೇ ಅಂಕಿ! ಪ್ರೊಫೆಸರರು, "ನಿನ್ನ ಪ್ರೋಗ್ರಾಂ ಕೆಟ್ಟಿದೆ ಕಣಮ್ಮ" ಅಂದರು. ನನಗೆ ರೈಮ್ಸ್ ಕೇಳಿಸತೊಡಗಿತು. ಕೊನೆಗೆ ನೋಡಿದರೆ ಎರಡರ ಕೆಳಗೂ ಒಂದೇ ಪ್ರೆಸ್ಸಿನ ಹೆಸರು. ಹೋಗಿ ಕೇಳಿದ್ದಕ್ಕೆ ಪ್ರೆಸ್ಸಿನವರು ಹೇಳಿದರು: "ಮೊದ್ಲು ಬಂದೋರ್ದು ಕಂಪೋಸ್ ಆಗಿ ಕೂತಿತ್ತು. ಎರಡ್ನೇಯವ್ರು ಬಂದು ಓದಿ, 'ಚೆನ್ನಾಗೈತೆ ಕಣ್ರೀ, ಚಿಹ್ನೆ ಬದ್ಲಾಯಿಸ್ಬುಡಿ ಸಾಕು' ಅಂದ್ರು."

ಮಧ್ಯಮ ಮಾರ್ಗ

ಒಂದೇ ಪ್ರಣಾಳಿಕೆಗೆ ಇಬ್ಬರು ಬೇರೆಬೇರೆ ಕೂತು ಅಂಕಿ ಹಾಕಬೇಕು, ಎರಡೂ ತಾಳೆಯಾಗಬೇಕು ಅನ್ನುವುದು ನಿಯಮ. ಇನ್ನೊಬ್ಬರು ಇಲವಾಲದಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಸಹೋದ್ಯೋಗಿ. ಅವರು ನನಗಿಂತ ಎರಡು ದಿನ ಮುಂಚೆಯೇ ಮುಗಿಸಿಕೊಟ್ಟರು. ಎಲ್ಲ ಪಕ್ಷಗಳೂ ಸೊನ್ನೆಯ ಮೇಲೆ ಸಾಲಾಗಿ ಕೂತಿದ್ದವು. ಪ್ರೊಫೆಸರರಿಗೆ ಹಿಗ್ಗೋ ಹಿಗ್ಗು. 'ನಮ್ಮ ಪಕ್ಷಗಳು ಅಪ್ಪಟ ಮಧ್ಯಮ ಮಾರ್ಗಿಗಳು' ಅಂತ ಆಗಲೇ ಅರ್ಧ ಪುಟ ಬರೆದುಬಿಟ್ಟರು. ಎರಡು ದಿನ ಕಳೆದು ನನ್ನ ಅಂಕಿ ಬಂತು, ತಾಳೆಯಾಗಲಿಲ್ಲ.

"ಏನ್ರೀ ಇದು, ಎಲ್ಲಾ ವಾಕ್ಯಕ್ಕೂ ಸೊನ್ನೆ?" ಅಂತ ಪ್ರೊಫೆಸರರು ಅವರನ್ನು ಕೇಳಿದರು.

"ಆಗೋ ಕೆಲ್ಸಕ್ಕೆ ಮಾತ್ರ ಅಂಕಿ ಹಾಕಿದೀನಿ ಸರ್."

ಅಂಕಿಗಳನ್ನು ಹೊಸದಾಗಿ ಹಾಕಿಸಿದರು. ಬರೆದಿದ್ದ ಅರ್ಧ ಪುಟವನ್ನು ಮಾತ್ರ ಹೊಡೆದುಹಾಕಲಿಲ್ಲ.

ಅಮ್ಮನ ಸರಾಸರಿ

ಸಮ್ಮಿಶ್ರ ಸರ್ಕಾರದ ನಿಲುವು ಕಂಡುಹಿಡಿಯುವುದು ಹೇಗೆ ಅಂತ ಅಮ್ಮನಿಗೆ ವಿವರಿಸಿದೆ. ಎರಡೂ ಪಕ್ಷಗಳ ಅಂಕಿ ತೆಗೆದುಕೊಂಡು, ಯಾರಿಗೆ ಎಷ್ಟು ಮಂತ್ರಿಗಿರಿ ಅಂತ ನೋಡಿ, ಸರಾಸರಿ ಹಾಕುವುದು.

ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. "ನಿಮ್ಮಪ್ಪಂಗೆ ಮಡಿಕೇರಿಗೆ ಹೋಗ್ಬೇಕು, ನಂಗೆ ಊಟಿಗೆ. ಸರಾಸರಿ ಹಾಕಿದ್ರೆ ಎಲ್ಲಿಗೆ ಹೋಗ್ತೀವೇ?"

ನಕ್ಷೆ ತೆಗೆದು ನೋಡಿದೆ. "ಎಚ್.ಡಿ. ಕೋಟೆ ಕಾಡಿಗೆ."

"ಆನೆ ಬಾಯಿಗೆ ಅನ್ನು. ಇದಕ್ಕೆ ಸಂಬಳ ಬೇರೆ ಕೊಡ್ತಾರಾ?"

ಅಧ್ಯಕ್ಷರು ಬಂದರು

ಅಂತೂ ವರದಿ ನೋಡಲು ಟ್ರಸ್ಟಿನ ಅಧ್ಯಕ್ಷರು ಬಂದರು. ಮಾಜಿ ಶಾಸಕರು. ಬಿಳಿ ಬಟ್ಟೆ, ದೊಡ್ಡ ನಗು. ನನ್ನ ಹುದ್ದೆಯ ಫೈಲು ಅವರ ಮುಂದೆಯೇ ತೆರೆದಿತ್ತು. ಪರದೆಯ ಮೇಲೆ ಉದ್ದಕ್ಕೆ ಒಂದು ಗೆರೆ, ಅದರ ಮೇಲೆ ಪಕ್ಷಗಳ ಚುಕ್ಕೆಗಳು, ನಡುವೆ ಸರ್ಕಾರದ ಕೆಂಪು ಚುಕ್ಕೆ. ಬೆವರುತ್ತಲೇ ತೋರಿಸಿದೆ.

"ಭೇಷ್! ಪಕ್ಷಗಳದ್ದು ಆಯ್ತು ಬುಡು. ನಂದೊಂದ್ ಚುಕ್ಕೆ ಹಾಕು, ನೋಡೋಣ."

ನಾಯಕರಿಗೆ ಬೇರೆ ಲೆಕ್ಕವಿರಲಿಲ್ಲ, ಅವರ ಪಕ್ಷದ ಅಂಕಿಯೇ ಅವರದ್ದು. ಪ್ರೋಗ್ರಾಂ ಕೇಳುವುದನ್ನೇ ನಾನೂ ಕೇಳಿದೆ: "ಪಕ್ಷ ಯಾವುದು ಅಂತ ಹಾಕ್ಲಿ ಸರ್?"

ಪ್ರೊಫೆಸರರಿಗೆ ಕೆಮ್ಮು ಬಂತು. ಸಹೋದ್ಯೋಗಿ ಫ್ಯಾನಿನ ರೆಕ್ಕೆಗಳನ್ನು ನೋಡತೊಡಗಿದರು. ಅಧ್ಯಕ್ಷರು ಹೋದ ವಾರ ಒಂದು ಪಕ್ಷದ ಸಭೆಯಲ್ಲಿ ಹಾರ ಹಾಕಿಸಿಕೊಂಡಿದ್ದರು, ಈ ವಾರ ಅದರ ಎದುರು ಪಕ್ಷದ ಸಭೆಯಲ್ಲಿ ಪೇಟ. ಪೇಪರು ಓದುವ ಎಲ್ಲರಿಗೂ ಗೊತ್ತಿದ್ದ ಈ ಸಂಗತಿ, ಪ್ರಣಾಳಿಕೆ ಮಾತ್ರ ಓದುತ್ತಿದ್ದ ನನಗೆ ಗೊತ್ತಿರಲಿಲ್ಲ.

ಅವರಿಗೆ ಸಿಟ್ಟೇನೂ ಬರಲಿಲ್ಲ. "ಒಳ್ಳೆ ಪ್ರಶ್ನೆ ಕಣಮ್ಮ. ನಮ್ಮನೇವ್ರೂ ಇದ್ನೇ ಕೇಳ್ತಾವ್ರೆ" ಅಂದರು. ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡರು. ಪೆನ್ನಿನ ಕ್ಯಾಪು ತೆಗೆದು, ಸಹಿ ಹಾಕಬೇಕಾದ ಜಾಗದ ಮೇಲೆ ಹಿಡಿದು, ದನಿ ತಗ್ಗಿಸಿದರು.

"ಒಂದ್ಕೆಲ್ಸ ಮಾಡು. ಮುಂದಿನ್ ಸರ್ಕಾರದ್ ಚುಕ್ಕೆ ಎಲ್ಲಿ ಬೀಳ್ತದೆ ನೋಡು. ಅದಕ್ಕೆ ಯಾವ ಪಕ್ಷ ಹತ್ರ ಐತೋ, ಅದ್ನೇ ನಂದು ಅಂತ ಹಾಕ್ಬುಡು."

ಪೆನ್ನು ಅಲ್ಲೇ ನಿಂತಿತ್ತು. ನನ್ನ ಬೆರಳು ಕೀಬೋರ್ಡಿನ ಮೇಲೆ ನಿಂತಿತ್ತು.

"ಬೇಗ ನೋಡಿ ಹೇಳಮ್ಮ. ನಾಳೆ ಬೆಳಿಗ್ಗೆ ಪ್ರೆಸ್ ಮೀಟ್ ಬೇರೆ ಕರ್ದ್‌ಬುಟ್ಟಿದೀನಿ."